ಗಾಡಿ ಟವರಿಗೆ ಹೋಯಿತು, ಅವ್ವ ಹೊಲದಲ್ಲಿದ್ದಳು

ತುರ್ತು ವಾಹನ ಯಾವ ಕಡೆ ತಿರುಗಬೇಕು ಎಂದು ನಿರ್ಧರಿಸುವ ಕೊಠಡಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನಗೆ ಭಯವಾಗಿದೆ. ಹಕ್ಕು ಕೇಳುವವನ ಪತ್ರ ಹೀಗೆ ಆರಂಭವಾಗಬಾರದು ಎಂದು ನಾನು ಓದಿದ ಕರಪತ್ರಗಳೆಲ್ಲ ಹೇಳುತ್ತವೆ. ಧೈರ್ಯದಿಂದ ತೊಡಗಬೇಕಂತೆ. ಆದರೆ ನನ್ನ ತಂಗಿ ರಾಧಿಕಾಳ ಹೆರಿಗೆಗೆ ವೈದ್ಯರು ಕೊಟ್ಟ ದಿನಕ್ಕೆ ಇನ್ನು ಹನ್ನೊಂದು ದಿನ ಉಳಿದಿವೆ, ಮತ್ತು ನಾವು ಇಜೇರಿಯ ಹೊರಗಿನ ನಮ್ಮ ಹೊಲದ ಮನೆಯಲ್ಲಿ ಇದ್ದೇವೆ ಎಂಬ ಸಂಗತಿ ನಿಮ್ಮ ಕಚೇರಿಗೆ ಗೊತ್ತಾಗುವುದಿಲ್ಲ. ಐದು ವಾರಗಳ ಹಿಂದೆ ಗೊತ್ತಾಗಲಿಲ್ಲ. ಅಂದು ನನ್ನ ತಾಯಿ ಸಾಯುವುದರಲ್ಲಿದ್ದಳು. ನೀವು ಕಳಿಸಿದ ವಾಹನ ನಮ್ಮ ಕಣ್ಣೆದುರಿಗೇ ಹಾದುಹೋಗಿ, ಐದು ಕಿಲೋಮೀಟರ್ ಆಚೆ ಒಂದು ಮೊಬೈಲ್ ಟವರಿನ ಬುಡದಲ್ಲಿ ನಿಂತು, "ತಲುಪಿದೆ" ಎಂಬ ಗುಂಡಿ ಒತ್ತಿತು. ಯಾರನ್ನು ತಲುಪಿತು ಎಂದು ಕೇಳಲು ಈ ಪತ್ರ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಕಚೇರಿಯಲ್ಲಿ ಆ ರೂಢಿ ಇದ್ದಂತೆ ಕಾಣುವುದಿಲ್ಲ. ನಮ್ಮ ಊರಿನ ವಿಹಾರದಲ್ಲಿ ಪ್ರತಿ ಭಾನುವಾರ ಬುದ್ಧ ವಂದನೆ ಮುಗಿದ ಮೇಲೆ ಒಂದು ತಾಸು ಓದು ನಡೆಯುತ್ತದೆ. ಓದುವವನು ನಾನು. ಮೋಸಗಾರರು ಫೋನಿನೊಳಗೆ ನುಗ್ಗುವುದು ಹೇಗೆ ಎಂಬ ಕರಪತ್ರವೊಂದು ನನ್ನ ಕೈಗೆ ಬಂದಿತ್ತು. ಹಳೆಯ ಸಾಫ್ಟ್‌ವೇರ್ ಎಂದರೆ ಬಾಗಿಲಿಲ್ಲದ ಮನೆ ಎಂದು ಅದರಲ್ಲಿ ಬರೆದಿತ್ತು. ಅಂದು ವಂದನೆಗೆ ಬಂದವರೆಲ್ಲರ ಫೋನುಗಳನ್ನು ಜಮಖಾನೆಯ ಮೇಲೆ ಸಾಲಾಗಿ ಇಡಿಸಿದೆ. ಮೂವತ್ತೊಂದು ಫೋನು. ಬಹುತೇಕ ಎಲ್ಲವೂ ಜೇವರ್ಗಿಯ ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಬಗೆಯವು. ಸಂಜೆಯವರೆಗೆ ಕುಳಿತು, ಒಂದೊಂದಕ್ಕೂ ಹೊಸ ಸಾಫ್ಟ್‌ವೇರ್ ಇಳಿಸಿದೆ. ಒಪ್ಪಿಗೆ ಕೇಳಿದ ಕಡೆಯೆಲ್ಲ ನಾನೇ ಒತ್ತಿದೆ. ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂದು ಓದಲಿಲ್ಲ. ಜಗತ್ತಿಗೆಲ್ಲ ಓದಿ ಹೇಳುವ ನಾನು ಅದೊಂದನ್ನು ಓದಲಿಲ್ಲ.

ಮುಂದಿನ ಗುರುವಾರ ಬೆಳಗ್ಗೆ ಹತ್ತು ಗಂಟೆಗೆ, ಕೊಯ್ದ ತೊಗರಿಯ ಸೂಡುಗಳನ್ನು ಎತ್ತಿಡುತ್ತಿದ್ದ ನನ್ನ ತಾಯಿ ಕಸ್ತೂರಿಬಾಯಿಯ ಎಡಗಾಲಿಗೆ ಕೊಳಕುಮಂಡಲ ಹಾವು ಕಚ್ಚಿತು. ನಾನು ಕಾಲಿಗೆ ಹಗ್ಗ ಬಿಗಿಯಲಿಲ್ಲ, ಗಾಯ ಕೊಯ್ಯಲಿಲ್ಲ, ಮಂತ್ರ ಹಾಕುವವರನ್ನು ಕರೆಯಲಿಲ್ಲ. ಇದೆಲ್ಲ ಕರಪತ್ರ ಓದಿ ಕಲಿತದ್ದೇ. ಅವಳನ್ನು ಮಲಗಿಸಿ ನಿಮ್ಮ ಸಂಖ್ಯೆಗೆ ಕರೆ ಮಾಡಿದೆ. ಆ ಕಡೆಯ ಹೆಣ್ಣುಮಗಳು ಮೃದುವಾಗಿಯೇ ಮಾತಾಡಿದರು. ಲಿಂಕ್ ಕಳಿಸಿದರು, ನಾನು ಅದನ್ನು ಒತ್ತಿದೆ. ಲೊಕೇಶನ್ ಬಂತು ಎಂದರು. ಆದರೂ ಮನಸ್ಸು ತಡೆಯದೆ, ಇಜೇರಿಯಿಂದ ಎರಡು ಕಿಲೋಮೀಟರ್, ರಸ್ತೆಗೆ ಹತ್ತಿಕೊಂಡೇ ಇರುವ ಜೋಡಬೇವಿನ ಹೊಲ ಎಂದು ಹೇಳಿದೆ. ನಮ್ಮ ಕಡೆ ಹೊಲಕ್ಕೆ ಹೆಸರಿರುತ್ತದೆ, ಮಾನ್ಯರೇ, ಮನುಷ್ಯರಿಗೆ ಇದ್ದ ಹಾಗೆ. ಜೋಡಬೇವಿನ ಹೊಲ ಎಂದರೆ ಜೇವರ್ಗಿಯ ಸಂತೆಯಲ್ಲಿ ಕಣ್ಣು ಕಾಣದ ಮುದುಕನೂ ದಾರಿ ಹೇಳುತ್ತಾನೆ.

"ಆ ಹೆಸರು ಸಿಸ್ಟಂನಲ್ಲಿ ಬರ್ತಾ ಇಲ್ಲ ಸರ್," ಎಂದರು ಅವರು. "ನಿಮ್ಮ ಲೊಕೇಶನ್ ಬಂದಿದೆ. ಗಾಡಿ ಹೊರಟಿದೆ. ಪೇಷಂಟ್‌ನ ಅಲುಗಾಡಿಸಬೇಡಿ, ಅಲ್ಲೇ ಇರಿ."

ನಾವು ಅಲ್ಲೇ ಇದ್ದೆವು. ಅಷ್ಟು ವಿಧೇಯ ನಾಗರಿಕರು ನಿಮಗೆ ಇನ್ನೆಲ್ಲಿ ಸಿಗುತ್ತಾರೆ? ಅವ್ವನ ಕಾಲು ಮೊಣಕಾಲಿನವರೆಗೆ ಬಾತುಕೊಂಡಿತು. ಉಗುಳಿದಾಗ ಉಗುಳಿನಲ್ಲಿ ರಕ್ತ ಇತ್ತು. ಅಷ್ಟರಲ್ಲಿ ರಸ್ತೆಯ ಮೇಲೆ ಧೂಳೆದ್ದಿತು, ಸೈರನ್ ಕೇಳಿತು. ಅಪ್ಪ ಮಲ್ಕಪ್ಪ ತಲೆಯ ರುಮಾಲು ಬಿಚ್ಚಿ ಎರಡೂ ಕೈಯಿಂದ ಬೀಸಿದ. ನಾನು ಬದುವಿನ ಮೇಲೆ ಓಡಿದೆ. ವಾಹನ ಸ್ವಲ್ಪ ನಿಧಾನಿಸಿತು. ಚಾಲಕ ನಮ್ಮ ಕಡೆ ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಅದು ಮತ್ತೆ ವೇಗ ಹಿಡಿದು ಹೊರಟುಹೋಯಿತು. ಸೈರನ್ ಸಣ್ಣದಾಗುತ್ತಾ ಹೋಗುವುದನ್ನು ನೀವು ಯಾವಾಗಲಾದರೂ ಕೇಳಿದ್ದೀರಾ? ಹತ್ತಿರ ಬರುವ ಸೈರನ್ನಿಗೆ ಹೆದರುವವರಿದ್ದಾರೆ. ನಾನು ಈಗ ದೂರ ಹೋಗುವ ಸೈರನ್ನಿಗೆ ಹೆದರುತ್ತೇನೆ. ಟವರಿನ ಬುಡದಿಂದ ಚಾಲಕ ನನಗೆ ಫೋನ್ ಮಾಡಿ, ಆ ಗಾಡಿ ಮರಳಿ ನಮ್ಮ ಹೊಲಕ್ಕೆ ಬರಲು ಇಪ್ಪತ್ತಾರು ನಿಮಿಷ ಹಿಡಿಯಿತು.

ಅವ್ವ ಉಳಿದಳು. ಕಲಬುರಗಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಬಂದಳು. ಮೂತ್ರಪಿಂಡ ಮೊದಲಿನ ಹಾಗಿಲ್ಲ ಎಂದಿದ್ದಾರೆ. ನನ್ನ ಮುಖ ನೋಡಿದಾಗೆಲ್ಲ ನಗುತ್ತಾಳೆ. "ಲೇ ಧಮ್ಮಾ, ನಿನ್ನ ಫೋನಿಗಿ ನಾ ಎಲ್ಲಿ ಇದ್ದೇನಿ ಗೊತ್ತಾಗ್ಲಿಲ್ಲ. ಹಾವಿಗಿ ಹ್ಯಾಂಗ ಗೊತ್ತಾಯ್ತೋ?" ಎನ್ನುತ್ತಾಳೆ. ನನಗೆ ನಗು ಬರುವುದಿಲ್ಲ.

ಆ ಚಾಲಕನ ಹೆಸರು ರಾಜೇಸಾಬ. ಅವನನ್ನು ಜಗಳಕ್ಕೆಂದೇ ಹುಡುಕಿಕೊಂಡು ಹೋದೆ. ಜೇವರ್ಗಿಯ ಚಹಾದ ಅಂಗಡಿಯಲ್ಲಿ ಸಿಕ್ಕ. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಅವ್ವ ಹ್ಯಾಂಗ ಇದ್ದಾಳ ಎಂದು ಕೇಳಿದ. ರುಮಾಲು ಬೀಸಿದ್ದು ಕಂಡಿತ್ತು ಎಂದು ತಾನೇ ಹೇಳಿದ. ಹಾಗಾದರೆ ಏಕೆ ನಿಲ್ಲಲಿಲ್ಲ? ಅವನು ವಿವರಿಸಿದ ನಿಯಮವನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿರಿ. ನಿಮ್ಮ ತೆರೆಯ ಮೇಲೆ ಕರೆದವರ ಚುಕ್ಕಿ ಎಲ್ಲಿದೆಯೋ ಅಲ್ಲಿಗೆ ಮುಟ್ಟುವ ತನಕ "ತಲುಪಿದೆ" ಎಂಬ ಗುಂಡಿ ತೆರೆಯುವುದಿಲ್ಲ. ಆ ಗುಂಡಿ ಒತ್ತುವ ತನಕ ಕರೆದವರ ಫೋನ್ ನಂಬರ್ ಚಾಲಕನಿಗೆ ಕಾಣುವುದಿಲ್ಲ. ದಾರಿಯಲ್ಲಿ ಬೇರೆ ಕಡೆ ನಿಂತರೆ ಕಾರಣ ಕೇಳಿ ನೋಟಿಸು. ಹಿಂದಿನ ತಿಂಗಳು ಅವನು ಹೀಗೆ ಯಾರೋ ಕೈ ಮಾಡಿದರೆಂದು ನಿಂತಿದ್ದಕ್ಕೆ ಒಂದು ನೋಟಿಸು ಆಗಲೇ ಕೈಗೆ ಬಂದಿತ್ತು.

"ಹದಿನಾಲ್ಕ್ ವರ್ಷ ಆಯ್ತ್ರಿ ಗಾಡಿ ಹೊಡ್ಯಾಕತ್ತು," ಎಂದ ರಾಜೇಸಾಬ. "ಜೋಡಬೇವಿನ ಹೊಲ ನನಗ ಗೊತ್ತಿಲ್ಲೇನ್ರಿ? ಆದ್ರ ಅಲ್ಲಿ ನಿಂತು, ಚುಕ್ಕಿ ಇದ್ದಲ್ಲಿ ಇನ್ನೊಬ್ಬಾಕಿ ಸತ್ತಿದ್ರ? ನಿಮ್ಮ ಅವ್ವನ್ನ ಬಿಟ್ಟು ಯಾರೂ ಇಲ್ದ ಟವರ್ ಕಡಿ ಹೋಗಾಕತ್ತೇನಿ ಅಂತ ನನಗ ಯಾರು ಹೇಳಬೇಕ್ರಿ?" ಚಹಾದ ಲೋಟ ಕೆಳಗಿಟ್ಟು, "ಪತ್ರ ಬರಿಯಾಂವ ಇದ್ರ ನನ್ನ ಹೆಸರೂ ಬರೀರಿ. ಎರಡ್ನೇ ನೋಟಿಸ್ ಬರ್ಲಿ," ಎಂದ.

ಬರೆದಿದ್ದೇನೆ. ಆ ಎರಡನೆಯ ನೋಟಿಸನ್ನು ದಯವಿಟ್ಟು ನನ್ನ ಹೆಸರಿಗೆ ಕಳಿಸಿರಿ.

ನಾನು ನಿಮ್ಮ ಕಚೇರಿಗೆ ಲಿಖಿತ ದೂರು ಕೊಟ್ಟೆ. ಆರನೆಯ ದಿನ ಉತ್ತರ ಬಂತು: "ಕರೆದವರ ಸಾಧನದ ದೋಷ. ದೂರು ಮುಕ್ತಾಯಗೊಳಿಸಲಾಗಿದೆ." ಎಂಥ ಸುಂದರ ಕನ್ನಡ! ಅವ್ವನ ಕಾಲಿನ ಬಾವು ಇಳಿಯುವ ಮೊದಲೇ ದೂರು ಇಳಿದುಹೋಗಿತ್ತು. ಸರಿ, ದೋಷ ಸಾಧನದ್ದೇ ಇರಲಿ. ಅದನ್ನು ಸರಿಪಡಿಸಲು ನಿಮ್ಮಿಂದ ಯಾರೂ ಬರಲಿಲ್ಲವಾದ್ದರಿಂದ, ಕೆಡಿಸಿದವನೇ ಹೊರಟೆ.

ಫೋನುಗಳನ್ನು ಮಾರಿದ ಚಾಂದಪಾಶಾನ ಅಂಗಡಿಗೆ ಹೋಗಿ ಮೂರು ದಿನ ಕುಳಿತು ಕಲಿತೆ. ಅವನು ಹೇಳಿದ್ದು ಇಷ್ಟು. ಹೊಸ ಸಾಫ್ಟ್‌ವೇರ್ ಇಳಿದಾಗ ನಮ್ಮ ಫೋನುಗಳಲ್ಲಿ "ನಿಖರ ಸ್ಥಳ" ಎಂಬ ಅನುಮತಿ ತಾನಾಗಿ ಮುಚ್ಚಿಕೊಂಡು "ಅಂದಾಜು ಸ್ಥಳ" ಮಾತ್ರ ಉಳಿದಿತ್ತು. ಜೊತೆಗೆ ಬ್ಯಾಟರಿ ಉಳಿಸುವ ವ್ಯವಸ್ಥೆ ತಾನಾಗಿ ತೆರೆದುಕೊಂಡು ಜಿಪಿಎಸ್ ಅನ್ನು ಮಲಗಿಸುತ್ತಿತ್ತು. ಆಗ ಫೋನು ಉಪಗ್ರಹವನ್ನು ಬಿಟ್ಟು ಹತ್ತಿರದ ಟವರನ್ನೇ ತನ್ನ ಜಾಗವೆಂದು ಹೇಳುತ್ತದೆ. "ಅದು ಸುಳ್ಳ ಹೇಳಾಂಗಿಲ್ರಿ, ಅಂದಾಜ ಹೇಳ್ತದ," ಎಂದ ಚಾಂದಪಾಶಾ. ನಮ್ಮ ಬಗ್ಗೆ ಅಂದಾಜು ಮಾತ್ರ ಇಟ್ಟುಕೊಂಡವರು ಫೋನಿಗಿಂತ ಮೊದಲೂ ಬಹಳ ಜನ ಇದ್ದರು ಎಂದು ನನಗೆ ಅನ್ನಿಸಿತು.

ಮುಂದಿನ ಭಾನುವಾರ ಅದೇ ಜಮಖಾನೆ, ಅದೇ ಸಾಲು. ಒಂದೊಂದು ಫೋನಿನಲ್ಲೂ ಸೆಟ್ಟಿಂಗ್ಸ್ ತೆರೆದು, ಸ್ಥಳದ ಅನುಮತಿಗೆ ಹೋಗಿ, ನಿಖರ ಸ್ಥಳವನ್ನು ಮತ್ತೆ ತೆರೆದೆ. ಬ್ಯಾಟರಿ ಉಳಿಸುವ ವ್ಯವಸ್ಥೆಯನ್ನು ಬಂದ್ ಮಾಡಿದೆ. ದಿನಾಂಕ, ವೇಳೆ ತಾನಾಗಿ ಹೊಂದುವಂತೆ ಮಾಡಿದೆ, ಏಕೆಂದರೆ ಗಡಿಯಾರ ತಪ್ಪಿದ್ದರೆ ದಾರಿಯೂ ತಪ್ಪುತ್ತದಂತೆ. ನಕ್ಷೆಯ ಆ್ಯಪಿನಲ್ಲಿ ಕೂಡಿಬಿದ್ದ ಹಳೆಯ ಮಾಹಿತಿ ಅಳಿಸಿ, ಫೋನು ಆರಿಸಿ ಹಚ್ಚಿದೆ. ಆಮೇಲೆ ಎಲ್ಲರನ್ನೂ ಬಯಲಿಗೆ ಕರೆದೊಯ್ದು, ಆಕಾಶ ಕಾಣುವ ಕಡೆ ಐದು ನಿಮಿಷ ನಿಲ್ಲಿಸಿದೆ. ಫೋನನ್ನು ಗಾಳಿಯಲ್ಲಿ ಎಂಟರ ಅಂಕಿಯಂತೆ ತಿರುಗಿಸಬೇಕು, ದಿಕ್ಕು ಸರಿಯಾಗುತ್ತದೆ ಎಂದೆ. ಮೂವತ್ತು ಜನ ಬಯಲಲ್ಲಿ ನಿಂತು ಕೈ ತಿರುಗಿಸುವುದನ್ನು ಕಂಡು ಕುರಿ ಕಾಯುವವರು ದಾರಿಯಲ್ಲೇ ನಿಂತುಬಿಟ್ಟರು. ಇಪ್ಪತ್ತೆರಡು ಫೋನು ಸರಿಹೋದವು. ಆರು ತಡವಾಗಿ ಸರಿಯಾದ ಜಾಗ ತೋರಿಸುತ್ತವೆ. ಮೂರು ಮನೆಯೊಳಗೆ ಹೋದ ಕೂಡಲೇ ಮತ್ತೆ ಟವರಿಗೆ ಜಿಗಿಯುತ್ತವೆ. ಅವುಗಳಿಗೆ ಕಂಪನಿಯಿಂದ ಇನ್ನೊಂದು ತಿದ್ದುಪಡಿ ಬರಬೇಕಂತೆ. ಯಾವಾಗ ಎಂದು ಚಾಂದಪಾಶಾನಿಗೂ ಗೊತ್ತಿಲ್ಲ.

ಆ ಮೂರರಲ್ಲಿ ಒಂದು ರಾಧಿಕಾಳದು, ಇನ್ನೊಂದು ನನ್ನದು. ಮೂರನೆಯದು ಅಪ್ಪನದು. ಬೇರೆ ಫೋನು ಕೊಳ್ಳಿ, ಇಲ್ಲವೇ ಊರವರದು ಎರವಲು ತನ್ನಿ ಎಂದು ಹೇಳುವ ಮೊದಲು ಮುಂದಿನದನ್ನೂ ಓದಿರಿ. ಈ ವಿಷಯ ಬರೆದು ಗೆಳೆಯರ ಗುಂಪುಗಳಿಗೆ ಕಳಿಸಿದ ಮೇಲೆ ಅಫಜಲಪುರ ತಾಲ್ಲೂಕಿನ ಅಜೀಜಾಬಿ ಎಂಬ ತಾಯಿ ಫೋನ್ ಮಾಡಿದ್ದರು. ಅವರ ಫೋನು ಅವರನ್ನು ಭೀಮೆಯ ಆಚೆ ದಂಡೆಯಲ್ಲಿ ತೋರಿಸುತ್ತದೆ. ನಿಮ್ಮ ವಾಹನ ಸೇತುವೆ ಸುತ್ತಿ ಬರುವಷ್ಟರಲ್ಲಿ ಏನಾಗಬಹುದು ಎಂದು ಅವರು ನನ್ನನ್ನು ಕೇಳಿದರು. ನಾನು ಯಾರು ಹೇಳಲು? ನಿಮ್ಮನ್ನು ಕೇಳುತ್ತಿದ್ದೇನೆ.

ರಾಧಿಕಾಳ ಗಂಡನ ಮನೆ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ. ಸೀಮಂತದ ಕುಬಸ ಮುಗಿಸಿ, ಚೊಚ್ಚಲ ಹೆರಿಗೆಗೆಂದು ರೂಢಿಯಂತೆ ತವರಿಗೆ ಬಂದಿದ್ದಾಳೆ. ತಾಯಿ ಕಾರ್ಡಿನಲ್ಲಿ ಅವಳು ಆಳಂದದವಳು. ಫೋನಿನಲ್ಲಿ ಟವರಿನವಳು. ಹೊಟ್ಟೆಯಲ್ಲಿ ಒದೆಯುವ ಕೂಸಿಗೆ ಮಾತ್ರ ಗೊತ್ತು, ತಾನು ಇಜೇರಿಯ ತಗಡು ಹೊದಿಸಿದ ಪತ್ರಾಸಿನ ಮನೆಯೊಂದರಲ್ಲಿ ಇದ್ದೇನೆಂದು. ಅವಳಿಗೆ ರಕ್ತ ಕಡಿಮೆ ಇದೆ. ಮನೆಯಲ್ಲಿ ಹೆರಿಗೆ ಬೇಡ, ಬೈಕು ಟ್ರ್ಯಾಕ್ಟರುಗಳಲ್ಲಿ ಆಸ್ಪತ್ರೆಗೆ ಅಷ್ಟು ದೂರ ತರಬೇಡಿ, ನರ್ಸ್ ಇರುವ ತುರ್ತು ವಾಹನದಲ್ಲೇ ತನ್ನಿ ಎಂದು ವೈದ್ಯರು ಎಚ್ಚರಿಸಿದ್ದಾರೆ. ಪತ್ರಾಸಿನ ಕೆಳಗೆ ಅವಳ ಚುಕ್ಕಿ ಟವರಿಗೆ ಜಿಗಿಯುತ್ತದೆ. ಅಂಗಳಕ್ಕೆ ಬಂದು ಐದು ನಿಮಿಷ ನಿಂತರೆ ಕೆಲವೊಮ್ಮೆ ಮರಳಿ ಬರುತ್ತದೆ, ಕೆಲವೊಮ್ಮೆ ಇಲ್ಲ. ನೋವು ತಿನ್ನುವ ಹೆಣ್ಣು ಅಂಗಳದಲ್ಲಿ ಆಕಾಶಕ್ಕೆ ಫೋನು ಹಿಡಿದು, ಎಂಟು ಬರೆಯುತ್ತಾ ನಿಲ್ಲಬೇಕೇ, ಮಾನ್ಯರೇ? ನಿಮ್ಮ ಸುತ್ತೋಲೆ ಏನು ಹೇಳುತ್ತದೆ?

ನಾನು ದಿನವೂ ಸಂಜೆ ಅವಳಿಗೆ ಅಭ್ಯಾಸ ಮಾಡಿಸುತ್ತೇನೆ. ಫೋನು ತೆಗಿ, ಇಲ್ಲಿ ಒತ್ತು, ಚುಕ್ಕಿ ನೋಡು. ಮೊನ್ನೆ ಅವ್ವ, ಹುಟ್ಟಿದ ಕೂಸಿಗೆ ಮೊದಲು ಹಾಲು ಕುಡಿಸಬೇಕೋ ಲೊಕೇಶನ್ ಹಚ್ಚಬೇಕೋ ಎಂದು ಅಣಕಿಸಿದಳು. ರಾಧಿಕಾ ನಗಲಿಲ್ಲ. ಅಂದು ಗಾಡಿ ಹಾದುಹೋದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಫೋನನ್ನು ನನ್ನ ಕೈಗೆ ಮರಳಿ ಕೊಟ್ಟು ಹೇಳಿದಳು:

"ಅಣ್ಣಾ, ನನಗ ಇದು ಕಲಿಸಬ್ಯಾಡ. ಅಪ್ಪ ರುಮಾಲ ಬೀಸಿದ್ರ ನಿಲ್ಲೂ ಗಾಡಿ ತರಿಸು."

ನನ್ನ ಎಲ್ಲ ಕರಪತ್ರಗಳಿಗಿಂತ ದೊಡ್ಡ ಬೇಡಿಕೆ ಅದು. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. ದಾರಿಯಲ್ಲಿ ಜನ ಕೈ ಮಾಡಿದರೆ ನಿಂತು ಕೇಳಬಹುದು, ಚುಕ್ಕಿಗೆ ಮುಟ್ಟುವ ಮೊದಲೇ ಕರೆದವರ ನಂಬರಿಗೆ ಫೋನ್ ಮಾಡಬಹುದು, ಅವರು ಹೇಳಿದ ಊರು ಮತ್ತು ಹೊಲದ ಹೆಸರನ್ನು ನಂಬಬಹುದು ಎಂದು ಚಾಲಕರಿಗೆ ಲಿಖಿತ ಆದೇಶ ಕೊಡಿ. ಇದಕ್ಕೆ ಹೊಸ ಉಪಗ್ರಹ ಬೇಡ, ಒಂದು ಹಾಳೆ ಸಾಕು. ಹನ್ನೊಂದು ದಿನದೊಳಗೆ ಕೊಡಿ. ಹೆರಿಗೆ ನೋವು ನಿಮ್ಮ ಕಡತದ ಹಾಗಲ್ಲ, ನಾಳೆಯೇ ಬಂದರೂ ಬರಬಹುದು. ಹೀಗೆ ಬರೆಯುವಾಗಲೂ ನನ್ನ ಕಿವಿ ಒಳಕೋಣೆಯ ಕಡೆಗೇ ಇದೆ.

ಆದೇಶ ಬಾರದಿದ್ದರೆ ಏನು ಮಾಡುವುದೆಂದು ನಾವು ಮನೆಯವರೆಲ್ಲ ಕುಳಿತು ನಿರ್ಧರಿಸಿದ್ದೇವೆ. ಹೆದರಿದವರ ನಿರ್ಧಾರ, ನಗಬೇಡಿ. ನಿಮ್ಮ ವಾಹನ ತಪ್ಪದೆ ಬರುವ ಜಾಗ ಈ ಸುತ್ತಿನಲ್ಲಿ ಒಂದೇ ಇದೆ. ನೋವು ಆರಂಭವಾದ ಕೂಡಲೇ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ರಾಧಿಕಾಳನ್ನು ಮಲಗಿಸಿ, ಅಪ್ಪ ನಿಧಾನ ಹೊಡೆಯುತ್ತಾ ಐದು ಕಿಲೋಮೀಟರ್ ಕರೆದೊಯ್ಯುತ್ತಾನೆ. ಅಲ್ಲಿಂದ ನಾನು ನಿಮಗೆ ಕರೆ ಮಾಡುತ್ತೇನೆ. ನಿನ್ನೆ ನಾನು, ಅಪ್ಪ ಹೋಗಿ ಟವರಿನ ಬುಡದಲ್ಲಿ ಮುಳ್ಳು ಕಡಿದು, ಹಾವಿದೆಯೇ ಎಂದು ಬಡಿಗೆಯಿಂದ ಬಡಿದು ನೋಡಿ, ನೆಲ ಹಸನು ಮಾಡಿ ಬಂದಿದ್ದೇವೆ. ಮಲಗಲು ಒಂದು ಹೊರಸು, ಒಂದು ಕೊಡ ನೀರು ಇಟ್ಟಿದ್ದೇವೆ. ಅವ್ವ ತನ್ನ ಹಳೆಯ ಸೀರೆಯನ್ನು ಮರೆಗೆ ಕಟ್ಟಲು ಕೊಟ್ಟಿದ್ದಾಳೆ.

ನಿಮ್ಮ ನಕ್ಷೆ ನಮ್ಮ ಮನೆಗೆ ಬರಲಿ, ಇಲ್ಲವೇ ನಾವೇ ನಿಮ್ಮ ನಕ್ಷೆಗೆ ಬಂದು ಮಲಗುತ್ತೇವೆ.

ಇಂತಿ,
ಮೂವತ್ತೊಂದು ಫೋನುಗಳಿಗೆ ಓದದೆ ಒಪ್ಪಿಗೆ ಒತ್ತಿದ ತಪ್ಪಿಗೆ ದಿನವೂ ಹೆದರುತ್ತಿರುವ,
ಧಮ್ಮಪಾಲ
ಜೋಡಬೇವಿನ ಹೊಲ, ಇಜೇರಿ
(ಈ ವಿಳಾಸ ನಿಮ್ಮಲ್ಲಿ ಸಿಗದಿದ್ದರೆ ರಾಜೇಸಾಬರನ್ನು ಕೇಳಿರಿ)