ವಾಡೆಯ ಮೇಣೆ

ಗಲಗಲಿ ಸಮೀಪ, ಜನವರಿ ೨೦೦೯

ಅಕ್ಕಾ,

ನಾನೊಂದು ಅಪರಾಧ ಮಾಡಿದ್ದೇನೆ. ಭಾವನವರು ವಕೀಲರಾದ್ದರಿಂದ ಮೊದಲು ನಿಮ್ಮ ಮನೆಗೇ ತಿಳಿಸುತ್ತಿದ್ದೇನೆ. ರಜೆಗೆಂದು ನಾವು ಗಂಡ-ಹೆಂಡತಿ ಬಾಡಿಗೆ ಹಿಡಿದ ಈ ಹಳೆಯ ವಾಡೆಯ ಪಡಸಾಲೆಯಲ್ಲಿ ದೇಸಾಯರನ್ನು ಹೊತ್ತು ತಿರುಗಿಸುತ್ತಿದ್ದ ಕಾಲದ ಮೇಣೆ, ಅಂದರೆ ಪಲ್ಲಕ್ಕಿ, ಒಂದಿದೆ. ‘ಕೂಡಬಾರದು’ ಎಂಬ ಹಲಗೆಯನ್ನು ಪಕ್ಕಕ್ಕೆ ಸರಿಸಿ ನಾನು ಅದರೊಳಗೆ ಕೂತೆ.

ಕಾಲು ಸೋತಿತ್ತು. ಹಳೆಯ ದಾರಿ ಹಿನ್ನೀರಿನಲ್ಲಿ ಮುಳುಗಿದ್ದರಿಂದ ಹಾಲಿಗೂ ಸೊಪ್ಪಿಗೂ ಸುತ್ತು ಹಾಕಿ ಕ್ರಾಸಿನ ತನಕ ನಡೆಯಬೇಕು. ಕಬ್ಬಿನ ಟ್ರ್ಯಾಕ್ಟರಿನವರು ‘ಹತ್ರಿ ಸರ’ ಎಂದು ಕರೆಯುತ್ತಾರೆ. ಸರಿತಾ ಹತ್ತುತ್ತಾಳೆ. ನಾನು ಹೇಗೆ ಹತ್ತಲಿ? ಭಾವನವರ ಕಾರು ಬೇಡವೆಂದು, ವಾಡೆ ಸೇರಿದ ಮೇಲೆ ಯಾವ ವಾಹನವನ್ನೂ ಏರುವುದಿಲ್ಲವೆಂದು ನಿಮ್ಮೆಲ್ಲರೆದುರು ಜಂಬ ಕೊಚ್ಚಿದವನು. ಕಾಲಿಗೂ ಒಂದು ಕಾಲವಿರುತ್ತದೆ. ನನ್ನ ಕಾಲಿನದು ಮುಗಿದಂತಿದೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿವೆ, ಉಳಿದಂತೆ ಆರಾಮ.

ಮೇಣೆಯಲ್ಲಿ ನಿದ್ದೆ ಹತ್ತಿತು. ಎಚ್ಚರಾದಾಗ ಮಡಿಚಿದ ಕಾಲು ಬಿಚ್ಚಲೊಲ್ಲದು. ವಾಡೆ ನೋಡಿಕೊಳ್ಳುವ ಶಿವಗಂಗವ್ವ ಇಣುಕಿ, ‘ಇಳೀರಿ ಸರ, ನಾಕ ಮಂದಿ ಹೊರೂ ಹೊತ್ತ ನಿಮಗಿನ್ನೂ ಬಂದಿಲ್ಲ’ ಎಂದಳು.

‘ಹಂಗನಬ್ಯಾಡ್ರಿ ಅವ್ವಾರ, ಅವರು ವಾಹನ ಹತ್ತಂಗಿಲ್ಲ. ಇದು ನಡಿಯೂದಿಲ್ಲಲ್ಲ, ಅದಕ್ಕ ಹತ್ಯಾರ’ ಎಂದಳು ಸರಿತಾ.

ನಿಂತ ಮೇಣೆ ವಾಹನವಲ್ಲ ಎಂಬುದೇ ನನ್ನ ವಾದವೂ ಆಗಿತ್ತು. ಆದರೂ ರವಿವಾರ ಕಾರು ಕಳಿಸು. ಸರಿತಾ ಹೇಗೂ ಹೇಳುತ್ತಾಳೆ, ನಾನೇ ಹೇಳಿಬಿಡುತ್ತೇನೆ: ಕಂಬಗಳ ನಡುವೆ ನನ್ನನ್ನು ಹೊರಗೆಳೆಯಲು ಜಾಗ ಸಾಲದೆ, ಕಬ್ಬು ಕಡಿಯುವ ನಾಲ್ವರು ಮೇಣೆಯನ್ನೇ ಹೊತ್ತು ಅಂಗಳಕ್ಕೆ ತಂದರು.

ನಿನ್ನ ತಮ್ಮ