ತೂಗುಬಂಡಿಗೆ ನಾನು ಸಹಿ ಹಾಕದ ಬೆಳಿಗ್ಗೆ

ಬಾಗಲಕೋಟೆ
೩೦ ಫೆಬ್ರವರಿ ೨೨೧೪

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ದಾಕ್ಷಾಯಣಿ ಕಳಸಣ್ಣವರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ; ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಓದಾಳು. ಯಂತ್ರ ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿ, ಅರ್ಥವಾದರೆ ಮಾತ್ರ ಸಹಿ ಹಾಕುವವಳು. ನೀವು ಇದನ್ನು ಕೋಡ್ ರಿವ್ಯೂ ಎನ್ನುತ್ತಿದ್ದಿರಂತೆ. ಮನುಷ್ಯರು ಪ್ರೋಗ್ರಾಮ್ ಬರೆಯುವುದು ನಿಂತು ತಲೆಮಾರುಗಳೇ ಕಳೆದಿವೆ. ಆದರೆ ಇಬ್ಬರು ಓದಾಳುಗಳ ಸಹಿಯಿಲ್ಲದೆ ನಮ್ಮೂರಲ್ಲಿ ಒಂದು ನಲ್ಲಿಯೂ ತಿರುಗುವುದಿಲ್ಲ.

ಇವತ್ತು ನಡೆದದ್ದನ್ನು ನಿಮಗೆ ಹೇಳಲೇಬೇಕು.

ಘಟಪ್ರಭೆಯ ಹಿನ್ನೀರಿನ ಮೇಲೆ ಹಗ್ಗಕ್ಕೆ ತೂಗಿಕೊಂಡು ಸಾಗುವ ತೂಗುಬಂಡಿ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಗಬೇಕಿತ್ತು. ಆಚೆ ದಡದವರು ಆಸ್ಪತ್ರೆಗೆ ಬರಲು ಇಷ್ಟು ದಿನ ಮೂವತ್ತು ಕಿಲೋಮೀಟರ್ ಸುತ್ತುತ್ತಿದ್ದರು. ಬ್ರೇಕಿನ ಪ್ರೋಗ್ರಾಮನ್ನು ಯಂತ್ರ ಅರ್ಧ ನಿಮಿಷದಲ್ಲಿ ಬರೆದಿತ್ತು. ಪರೀಕ್ಷೆಗಳನ್ನೂ ಅದೇ ಬರೆದಿತ್ತು: ಒಂಬತ್ತು ಸಾವಿರ, ಎಲ್ಲವೂ ಪಾಸು. ಹಿರಿಯ ಓದಾಳು ಇಮಾಮಸಾಬ ನದಾಫರೂ ನಾನೂ ಮೂರು ದಿನದಿಂದ ಅದನ್ನು ಓದುತ್ತಿದ್ದೆವು. ಬೆಳಿಗ್ಗೆ ಒಂದು ಸಾಲಿನಲ್ಲಿ ನಾನು ನಿಂತುಬಿಟ್ಟೆ. ತೂಕ ಸೊನ್ನೆಯಿದ್ದರೆ ಬಂಡಿ ಖಾಲಿ, ಬ್ರೇಕ್ ಹಗುರವಾಗಿ ಹಿಡಿದರೆ ಸಾಕು ಎಂದಿತ್ತು ಅದು.

“ಕಾಕಾ, ತೂಕ ಅಳದು ಹೇಳೂ ತಂತೀನ ಹರದು ಹೋದ್ರೂ ಸೊನ್ನೀನ ತೋರಸ್ತದಲ್ರೀ?”

ಇಮಾಮಸಾಬ ಕಾಕಾ ಕನ್ನಡಕ ತೆಗೆದರು. “ಒಂಬತ್ತು ಸಾವಿರದಾಗ ಒಂದೂ ಇದನ್ನ ಕೇಳಿಲ್ಲಲ್ಲ ತಂಗೀ!”

ಕೇಳುವುದಾದರೂ ಹೇಗೆ? ತಂತಿಯನ್ನು ನಂಬಿ ಪ್ರೋಗ್ರಾಮ್ ಬರೆದ ಯಂತ್ರವೇ ಪರೀಕ್ಷೆಯನ್ನೂ ಬರೆದಿತ್ತು.

ಯೋಜನೆಯ ಮುಖ್ಯಸ್ಥೆ ರೇಣುಕಾ ಹೊಸಗೌಡ್ರ ಓಡಿ ಬಂದರು. “ಜನ ಕಾಯಾಕತ್ತಾರ. ಈಗ ಸಹಿ ಹಾಕ್ರಿ, ನಾಳೆ ತಿದ್ದೋಣು.”

“ಹಾಕೂದಿಲ್ರೀ ಮೇಡಂ. ಮೊದಲ ಮರಳಿನ ಚೀಲ ಏರಸ್ರಿ.”

ನಲವತ್ತು ಜನರ ತೂಕದ ಮರಳು ಏರಿಸಿದರು. ತಂತಿ ಕಿತ್ತದ್ದು ನಾನೇ. ಬಂಡಿ ಆಚೆ ದಡದಲ್ಲಿ ನಿಲ್ಲಲೇ ಇಲ್ಲ. ಕೊನೆಯ ಗೋಡೆಗೆ ಅಪ್ಪಳಿಸಿತು, ಬಾಗಿಲು ಕಿತ್ತುಹೋಗಿ ಮರಳೆಲ್ಲ ನೀರಿಗೆ ಸುರಿಯಿತು. ಮೊದಲ ಸವಾರಿಗೆಂದು ಹೊಸ ಸೀರೆ ಉಟ್ಟು ಬಂದವರು ದಡದಿಂದ ನೋಡುತ್ತಿದ್ದರು. ರೇಣುಕಾ ನನ್ನ ಕೈ ಹಿಡಿದರು. “ಅದರಾಗ ನಮ್ಮವ್ವನೂ ಕೂಡಾಕಿ ಇದ್ಲು,” ಎಂದರು.

ಆಮೇಲೆ ಆದದ್ದೇ ದೊಡ್ಡ ಸಂಭ್ರಮ! ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ತಪ್ಪು ತಿದ್ದಿತು. ಆದರೆ ಈ ಸಲ ಪರೀಕ್ಷೆಗಳು ಜನರಿಂದ ಬಂದವು. ಮೀನುಗಾರನೊಬ್ಬ, “ನಡುನೀರಾಗ ಗಾಳಿ ಎದ್ರ?” ಎಂದ. ಮುದುಕಿಯೊಬ್ಬಳು, “ನನ್ನ ಆಡು ಬಾಗಲದಾಗ ನಿಂತ್ರ?” ಎಂದಳು. ಎಲ್ಲರೂ ನಕ್ಕರು, ಕಾಕಾ ಮಾತ್ರ ಬರೆದುಕೊಂಡರು. ಆಡಿನ ಪ್ರಶ್ನೆಯೇ ಇನ್ನೊಂದು ತಪ್ಪನ್ನು ಹಿಡಿದುಕೊಟ್ಟಿತು: ಬಾಗಿಲು ಪೂರ್ತಿ ಮುಚ್ಚದಿದ್ದರೂ ಬಂಡಿ ಹೊರಟುಬಿಡುತ್ತಿತ್ತು! ಸಂಜೆ ಐದಕ್ಕೆ, ಅರವತ್ತೆರಡು ಪ್ರಶ್ನೆ ಮುಗಿಸಿ, ಮೀಸಲಿಗೆ ಇಟ್ಟಿದ್ದ ಎರಡನೆಯ ಬಂಡಿ ಮರಳು ಹೊತ್ತು ಹೂವಿನ ಹಾಗೆ ಬಂದು ನಿಂತಿತು. ಇಬ್ಬರೂ ಸಹಿ ಹಾಕಿ, ನಾವೇ ಮೊದಲು ಹತ್ತಿ ಕೂತೆವು.

ಹಿರಿಯರೇ, ನಿಮ್ಮದು ಈ ಕೆಲಸದ ಮೊದಲ ದಿನಗಳು. ಯಂತ್ರ ಬರೆಯುವ ವೇಗಕ್ಕೆ ಹಿಗ್ಗಿ, ನಾವೂ ಹಿಗ್ಗುತ್ತೇವೆ. ಆದರೆ ಎಲ್ಲ ಪರೀಕ್ಷೆಯೂ ಪಾಸಾಗಿ, ಸಹಿಗೆ ಕೈ ಮುಂದಾದಾಗ, ಇನ್ನೊಂದು ಸಲ ಓದಿ. ನೀವು ಓದುವುದನ್ನು ಬಿಟ್ಟರೆ, ನಮಗೆ ಕಲಿಸಲು ಯಾರೂ ಉಳಿಯುವುದಿಲ್ಲ.