ಹಾಡು ಕಲಿತ ನಾಲ್ಕು ಹಕ್ಕಿಗಳು

ಕುಸಂತೀನಾ, ಅಲ್ಜೀರಿಯ
ಮಾರ್ಚ್ 8, 2017

ಪ್ರೀತಿಯ ವಿಸಾಲ್,

ಬರೆಯುತ್ತಿರುವವಳು ನಿನ್ನ ಅಜ್ಜಿ ಝುಲೀಖಾ, ಬೂಗೆರ್ರಾ ಮನೆತನದ ಹಿರಿಯಳು. ಈ ಮನೆಯಲ್ಲಿ ನನ್ನನ್ನು ಕೇಳದೆ ಮದುವೆ ನಿಶ್ಚಯವಾಗಿಲ್ಲ, ಗೋಡೆಗೆ ಸುಣ್ಣವೂ ಬಿದ್ದಿಲ್ಲ. ನೀನು ಮಾತ್ರ ಕೇಳದೆ ಅನ್ನಾಬಾದ ಸೋದರತ್ತೆ ಫೌಜಿಯಾಳ ಮನೆ ಸೇರಿದ್ದೀಯ, ಫೋನೂ ಎತ್ತುವುದಿಲ್ಲ. ಆರೋಗ್ಯ ಹೇಗಿದೆ? ಊಟ ಬಿಟ್ಟಿದ್ದೀಯೆಂದು ಫೌಜಿಯಾ ಹೇಳಿದಳು. ಹಸಿದವಳನ್ನು ಬೈಯಲು ನನಗೆ ಮನಸ್ಸಿಲ್ಲ. ಮೊದಲು ಉಂಡು ಬಾ, ಆಮೇಲೆ ಮುಂದಕ್ಕೆ ಓದು.

ಸೋಮವಾರ ನಿಮ್ಮ ಪ್ರಯೋಗಾಲಯಕ್ಕೆ ಹೋಗಿದ್ದೆ. ಬಾಗಿಲಲ್ಲಿದ್ದವನು ಹಿರಿಯಳೆಂದು ಮರ್ಯಾದೆಯಿಂದಲೇ "ಲಾಲಾ, ಹೊರಗಿನೋರು ಒಳಗೆ ಬರೋ ಹಾಗಿಲ್ಲ" ಅಂದ. "ಒಳಗಿರೋ ನಾಲ್ಕು ಹಕ್ಕಿಗೂ ಉಣಿಸಿದ ಕೈ ಇದು. ಹೊರಗಿನೋನು ನೀನೇ, ಸರಿ ಆಚೆ" ಅಂದೆ. ಸರಿದ.

ಸುಳ್ಳೇನಲ್ಲ. ಮರಿ ಮಕ್ನೀನ್ ಹಕ್ಕಿ ಹಾಡನ್ನು ಹುಟ್ಟುವಾಗ ತರುವುದಿಲ್ಲ, ಹಿರಿಯ ಹಕ್ಕಿಯಿಂದ ಕೇಳಿ ಕಲಿಯುತ್ತದೆ. ಕಲಿತದ್ದು ಮಿದುಳಿನಲ್ಲಿ ಎಲ್ಲಿ ಕೂರುತ್ತದೆ ಎಂಬುದು ನಿನ್ನ ಡಾಕ್ಟರೇಟಿನ ಪ್ರಶ್ನೆ. ಅದಕ್ಕಾಗಿ ನಿನ್ನ ಅಜ್ಜ ಸಾಕಿದ ಮುದಿ ಹಕ್ಕಿಯ ಪಕ್ಕದಲ್ಲಿ ನಾಲ್ಕು ಮರಿಗಳ ಪಂಜರ ತಂದು ನೀನು ತೂಗುಹಾಕಿದೆ. ಬೇಸಿಗೆಯಿಂದ ಚಳಿಗಾಲದವರೆಗೆ ಅವು ನನ್ನ ಅಂಗಳದಲ್ಲೇ ಬೆಳೆದವು. ಗುಬ್ಬಚ್ಚಿಯ ಸದ್ದು ಕೇಳಿದರೆ ಹಾಡು ಕೆಡುತ್ತದೆಂದು ಕೋಲು ಹಿಡಿದು ಕಾದೆ. ಪಕ್ಕದ ಮನೆಯ ಸಕೀನಾ "ಏನ್ರೀ ಲಾಲಾ, ಮೊಮ್ಮಕ್ಕಳನ್ನೂ ಹಿಂಗೆ ಕಾಯಲಿಲ್ಲವಲ್ಲ ನೀವು!" ಎಂದು ಹಂಗಿಸಿದಳು. ಒಂದು ಬೆಳಿಗ್ಗೆ ನಾಲ್ಕೂ ನಿನ್ನ ಅಜ್ಜನ ಹಕ್ಕಿಯ ಹಾಡನ್ನೇ ಹಾಡಿದವು. ನೀನು ಅತ್ತುಬಿಟ್ಟೆ. ನಾನು ಅಡುಗೆಮನೆಗೆ ಎದ್ದುಹೋದೆ.

ಹಾಡು ಬಲಿತ ಮೇಲೆ ಅವುಗಳನ್ನು ಪ್ರಯೋಗಾಲಯಕ್ಕೆ ಒಯ್ದು, ನಿದ್ದೆ ಬರಿಸಿ, ಕೊಂದು, ಮಿದುಳನ್ನು ನೋಡಬೇಕೆಂದು ನಿನಗೆ ಮೊದಲಿಂದಲೂ ಗೊತ್ತಿತ್ತು. ಆ ದಿನ ಬಂದಾಗ ನೀನು ಸೂಜಿ ಕೆಳಗಿಟ್ಟು ಓಡಿದೆ. ನಿನ್ನ ಗುರು ಡಾಕ್ಟರ್ ಲಮ್ರಿ ಒಳ್ಳೆಯ ಹೆಂಗಸು, ನಿನ್ನನ್ನು ಜರಿಯಲಿಲ್ಲ. "ನಾನೇ ಮಾಡ್ತಿದ್ದೆ ಲಾಲಾ. ಆದ್ರೆ ಗುರುತಿಲ್ಲದ ಕೈ ಹಿಡಿದ್ರೆ ಅವು ಹೆದರ್ತವೆ, ಆ ಹೆದರಿಕೆ ಮಿದುಳಲ್ಲಿ ಉಳೀತದೆ. ಆಮೇಲೆ ಹಾಡು ಯಾವ್ದು, ಹೆದರಿಕೆ ಯಾವ್ದು ಅಂತ ಹೇಗೆ ಹೇಳೋದು? ಈ ವಾರ ದಾಟಿದ್ರೆ ಹಕ್ಕಿಗಳ ವಯಸ್ಸು ಮೀರ್ತದೆ, ಅವಳ ಮೂರು ವರ್ಷ ನೀರುಪಾಲು" ಅಂದರು.

ಪಂಜರದ ಬಾಗಿಲು ತೆಗೆದುಬಿಡಲೇ ಎಂದು ನನಗೂ ಅನ್ನಿಸಿತು. ಪಂಜರದಲ್ಲೇ ಹುಟ್ಟಿದ್ದು ಹೊರಗೆ ಬಾಳುವುದಿಲ್ಲ. ಬೆಕ್ಕಿನ ಬಾಯಿಗೆ ಹಾಕಿ ದಯೆ ಎಂದು ಹೆಸರಿಡಲಾರೆ. ಬಕ್ರೀದಿಗೆ ಕುರಿಯ ತಲೆ ಹಿಡಿಯುವವಳು ನಾನು. ಚಾಕು ಕುರಿಗೆ ಕಾಣಬಾರದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಪ್ರಯೋಗಾಲಯದಲ್ಲಿ ನಾಲ್ಕು ಪಂಜರಗಳೂ ಸೂಜಿ ಚುಚ್ಚುವ ಮೇಜಿನ ಎದುರಿಗೇ ಇದ್ದವು. ಇದು ಕೂಡದು ಎಂದೆ. ಡಾಕ್ಟರ್ ಲಮ್ರಿಯ ತಾಯಿಯೂ ಹಾಗೇ ಅನ್ನುತ್ತಿದ್ದರಂತೆ. ಎದ್ದುಹೋಗಿ ಪಕ್ಕದ ಕೋಣೆಯ ದೀಪ ಹಾಕಿದರು.

ನಿನ್ನ ಅಪ್ಪ "ಹೋಗ್ಲಿ ಬಿಡಮ್ಮಾ, ಬೇರೆ ಏನಾದ್ರೂ ಓದ್ಲಿ" ಅನ್ನುತ್ತಾನೆ. ಅವನು ಚಿಕ್ಕಂದಿನಿಂದಲೂ ಹೀಗೇ. ದೇವರು ನಿನ್ನ ಎದೆಯನ್ನು ಗಟ್ಟಿ ಮಾಡಲಿ, ಕಲ್ಲು ಮಾಡದಿರಲಿ. ಫೌಜಿಯಾಳ ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅಜ್ಜಿ,
ಝುಲೀಖಾ

ಇನ್ನೊಂದು ಮಾತು: ಹಕ್ಕಿಗಳನ್ನು ಉಳಿಸಲೆಂದು ಓಡಿಬರಬೇಡ. ಸೋಮವಾರವೇ ಮುಗಿಯಿತು. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ಆ ಕೋಣೆಗೆ ನಾನೇ ಒಯ್ದೆ, ಸೂಜಿಯನ್ನು ಡಾಕ್ಟರ್ ಲಮ್ರಿ ಚುಚ್ಚಿದರು. ಒಂದೂ ಒದ್ದಾಡಲಿಲ್ಲ. ಆ ಮಿದುಳುಗಳನ್ನು ಮೊದಲು ನೋಡಬೇಕಾದವಳು ವಿಸಾಲ್, ಅಲ್ಲಿಯವರೆಗೆ ಯಾರೂ ಮುಟ್ಟಕೂಡದು ಎಂದು ಹೇಳಿ ಬಂದಿದ್ದೇನೆ. ಭಾನುವಾರ ಕೆಲಸಕ್ಕೆ ಹೋಗು. ಕೊನೆಯದನ್ನು ಹಿಡಿದು ಆ ಬಾಗಿಲವರೆಗೆ ಹೋಗಿ, ಒಮ್ಮೆ ವಾಪಸು ಬಂದೆ. ಫೌಜಿಯಾಳಿಗೆ ಹೇಳಬೇಡ.